ಘಾಟ್ಕೋಪರಿನ ಪತ್ತಿನ ಸಂಘದಲ್ಲಿ ಡಾಸ್ ತಂತ್ರಾಂಶ ಮತ್ತು ಹೊಸ ಪ್ರಿಂಟರ್: ಒಂದು ಪ್ರಕರಣ ಅಧ್ಯಯನ

ಮುಂಬೈಯ ಘಾಟ್ಕೋಪರ್ ಪಶ್ಚಿಮದಲ್ಲಿ ಕನ್ನಡಿಗರು ನಡೆಸುವ ಒಂದು ಸಣ್ಣ ಪತ್ತಿನ ಸಹಕಾರ ಸಂಘವಿದೆ. ಉಡುಪಿ, ಕುಂದಾಪುರ, ಮಂಗಳೂರು ಕಡೆಯಿಂದ ಬಂದು ಹೋಟೆಲು, ಕ್ಯಾಂಟೀನು, ಸಣ್ಣ ಅಂಗಡಿಗಳಲ್ಲಿ ದುಡಿಯುವವರೇ ಅದರ ಹೆಚ್ಚಿನ ಸದಸ್ಯರು. ಸಂಘದ ಜೀವಾಳವೆಂದರೆ ಪಿಗ್ಮಿ ಠೇವಣಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಕರಾವಳಿಯಲ್ಲಿ ಆರಂಭಿಸಿದ ಈ ಪದ್ಧತಿ ಸಂಘದ ಸ್ಥಾಪಕರಿಗೆ ಊರಿನಿಂದಲೇ ಪರಿಚಿತವಾಗಿತ್ತು. ಏಜೆಂಟರು ಸಂಜೆ ಅಂಗಡಿ ಅಂಗಡಿಗೆ ಹೋಗಿ ತಂದ ಸಣ್ಣ ಮೊತ್ತಗಳು ಮರುದಿನ ಬೆಳಿಗ್ಗೆ ಕಂಪ್ಯೂಟರಿನಲ್ಲಿ ನಮೂದಾಗುತ್ತವೆ. ಸದಸ್ಯರು ಬಂದಾಗ ಅವು ಪಾಸ್‌ಬುಕ್ಕಿನ ಸಾಲುಗಳಾಗಿ ಅಚ್ಚಾಗುತ್ತವೆ. ಆ ಸಾಲನ್ನು ಕಣ್ಣಾರೆ ಕಂಡ ಮೇಲೆಯೇ ಸದಸ್ಯರಿಗೆ ತಮ್ಮ ಹಣ ಜಮೆಯಾಯಿತೆಂಬ ನಂಬಿಕೆ ಬರುವುದು. ಹಾಗಾಗಿ ಇಲ್ಲಿ ಪ್ರಿಂಟರ್ ನಿಂತರೆ ಸಂಘದ ಮೇಲಿನ ವಿಶ್ವಾಸಕ್ಕೇ ಧಕ್ಕೆ.

ಲೆಕ್ಕವೆಲ್ಲ ಫಾಕ್ಸ್‌ಪ್ರೊ 2.6 ಎಂಬ ದತ್ತಾಂಶ ನಿರ್ವಹಣೆಯ ಸಾಧನದಲ್ಲಿ ಬರೆದ, ವಿಂಡೋಸಿಗಿಂತ ಹಿಂದಿನ ಡಾಸ್ ಎಂಬ ಕಾರ್ಯವ್ಯವಸ್ಥೆಗಾಗಿ ಮಾಡಿದ ತಂತ್ರಾಂಶದಲ್ಲಿತ್ತು. ಅದನ್ನು 1990ರ ದಶಕದ ಕೊನೆಯಲ್ಲಿ ಬರೆದುಕೊಟ್ಟವರು ಈಗ ಇಲ್ಲ, ಮೂಲ ಪ್ರೋಗ್ರಾಂ ಫೈಲುಗಳೂ ಯಾರ ಬಳಿಯೂ ಇಲ್ಲ. ಉಳಿದಿರುವುದು ನಡೆಸಬಹುದಾದ ಆದರೆ ತಿದ್ದಲಾಗದ ಒಂದು ಇಎಕ್ಸ್‌ಇ ಕಡತ ಮತ್ತು ಖಾತೆಗಳ ದತ್ತಾಂಶವಿರುವ ಡಿಬಿಎಫ್ ಕಡತಗಳು ಮಾತ್ರ. ವಿಂಡೋಸ್ ಎಕ್ಸ್‌ಪಿಯ ಹಳೆಯ ಕಂಪ್ಯೂಟರಿಗೆ ಪ್ಯಾರಲಲ್ ಕೇಬಲಿನಿಂದ ಜೋಡಿಸಿದ 80 ಕಾಲಮಿನ, 9 ಪಿನ್ನಿನ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಎಲ್ಲವೂ ನಡೆಯುತ್ತಿತ್ತು. ಮಾರ್ಚ್ ತಿಂಗಳ ಆರಂಭದಲ್ಲಿ ಆ ಕಂಪ್ಯೂಟರಿನ ಮದರ್‌ಬೋರ್ಡ್ ಕೆಟ್ಟಿತು. ಹಾರ್ಡ್‌ವೇರ್ ಅಂಗಡಿಯವರು ವಿಂಡೋಸ್ 11 ಇರುವ ಹೊಸ ಕಂಪ್ಯೂಟರನ್ನೂ ಒಂದು ಲೇಸರ್ ಪ್ರಿಂಟರನ್ನೂ ತಂದಿಟ್ಟು, ಹಾರ್ಡ್ ಡಿಸ್ಕಿನಲ್ಲಿದ್ದ ದತ್ತಾಂಶವನ್ನು ನಕಲು ಮಾಡಿಕೊಟ್ಟರು. ತಂತ್ರಾಂಶ ತೆರೆಯಲಿಲ್ಲ. ಹಳೆಯ ಡಾಸ್ ಕಂಪ್ಯೂಟರನ್ನು ಅನುಕರಿಸುವ ಡಾಸ್‌ಬಾಕ್ಸ್ ಎಂಬ ತಂತ್ರಾಂಶ ಹಾಕಿದಾಗ ತೆರೆಯಿತು, ಆದರೆ ಮುದ್ರಿಸಲು ಹೇಳಿದೊಡನೆ ಪರದೆಯ ಮೇಲೆ 'ಪ್ರಿಂಟರ್ ನಾಟ್ ರೆಡಿ' ಎಂದು ಬಂದು ನಿಂತಿತು. ಹೊಸ ತಂತ್ರಾಂಶ ಕೊಳ್ಳುವುದೇ ದಾರಿ ಎಂಬುದು ಅಂಗಡಿಯವರ ಸಲಹೆ. ಸಂಘದ ಕಾರ್ಯದರ್ಶಿಗಳು ಅದನ್ನು ಒಪ್ಪಲಿಲ್ಲ. "ಮಾರ್ಚ್ 31ರ ಲೆಕ್ಕ ಮುಗಿಯದೆ ಹೊಸ ತಂತ್ರಾಂಶದ ಮಾತೇ ಬೇಡ ಮಾರಾಯ್ರೆ. ಮೊದಲು ಇದನ್ನು ಪ್ರಿಂಟ್ ಮಾಡಿಸಿ ಕೊಡಿ," ಎಂದು ಅವರು ನನ್ನನ್ನು ಕರೆಸಿದಾಗ ಹೇಳಿದರು. ಅವರ ನಿಲುವು ಸರಿಯಾಗಿತ್ತು. ವರ್ಷಾಂತ್ಯದ ಮೂರು ವಾರಗಳಲ್ಲಿ ಸಾವಿರಾರು ಖಾತೆಗಳನ್ನು ಹೊಸ ವ್ಯವಸ್ಥೆಗೆ ಸಾಗಿಸುವುದೆಂದರೆ ತಪ್ಪುಗಳನ್ನು ಆಹ್ವಾನಿಸಿದಂತೆ.

ಕಾಗದದಿಂದ ಶುರು ಮಾಡಿದ್ದು

ಇಂಥ ಸಂದರ್ಭದಲ್ಲಿ ಹೆಚ್ಚಿನವರು ನೇರವಾಗಿ ಕಂಪ್ಯೂಟರಿನ ಮುಂದೆ ಕುಳಿತು ಸೆಟ್ಟಿಂಗುಗಳನ್ನು ಬದಲಿಸತೊಡಗುತ್ತಾರೆ. ಅದಕ್ಕಿಂತ ಮೊದಲು ಯಾವ ಮುದ್ರಣ ಯಾವ ಕಾಗದದ ಮೇಲೆ ಬೀಳಬೇಕು, ಅದನ್ನು ಯಾರು ಓದುತ್ತಾರೆ ಎಂದು ತಿಳಿದುಕೊಳ್ಳುವುದು ಅಗತ್ಯವೆಂದು ನನ್ನ ಅಭಿಪ್ರಾಯ. "ಅಕ್ಕಾ, ದಿನಕ್ಕೆ ಏನೇನು ಪ್ರಿಂಟ್ ತೆಗೀತೀರಿ, ಒಂದೊಂದು ಮಾದರಿ ತೋರಿಸ್ತೀರಾ?" ಎಂದು ಕೌಂಟರಿನ ಹಿರಿಯ ಗುಮಾಸ್ತೆಯವರನ್ನು ಕೇಳಿದೆ. ಅವರು ಕಪಾಟಿನಿಂದ ತೆಗೆದು ಮೇಜಿನ ಮೇಲೆ ಹರಡಿದ್ದು ಇಷ್ಟು: ಒಂದು ಪಾಸ್‌ಬುಕ್ಕು, ಮೇಲಿನ ಹಾಳೆಯ ಮೇಲೆ ಬಿದ್ದ ಅಕ್ಷರ ಕೆಳಗಿನದರ ಮೇಲೂ ಮೂಡುವಂಥ ಎರಡು ಪದರದ ರಸೀದಿಯ ಬಿಡಿ ಹಾಳೆ, ರಂಧ್ರದ ಅಂಚಿನ ಉದ್ದ ಕಾಗದದ ಮೇಲೆ ಕಿರಿದಾದ ಅಕ್ಷರಗಳಲ್ಲಿ 132 ಕಾಲಮುಗಳ ದಿನವಹಿ, ಅದೇ ಕಾಗದದ ಮೇಲೆ ಏಜೆಂಟರ ಪಿಗ್ಮಿ ಪಟ್ಟಿ ಮತ್ತು ವರ್ಷಾಂತ್ಯದ ಖಾತೆಪುಸ್ತಕ.

ಈ ಮೇಜಿನ ಮೇಲೆಯೇ ಅರ್ಧ ಉತ್ತರ ಸಿಕ್ಕಿತು. ರಸೀದಿಯ ಎರಡನೆಯ ಪದರದ ಮೇಲೆ ಅಕ್ಷರ ಮೂಡಬೇಕಾದರೆ ಪಿನ್ನು ಕಾಗದವನ್ನು ಹೊಡೆಯಲೇಬೇಕು. ಲೇಸರ್ ಪ್ರಿಂಟರ್ ಪುಡಿಯನ್ನು ಬಿಸಿಯಿಂದ ಕಾಗದಕ್ಕೆ ಅಂಟಿಸುತ್ತದೆಯೇ ಹೊರತು ಹೊಡೆಯುವುದಿಲ್ಲ. ಹೊಲಿಗೆ ಹಾಕಿದ ದಪ್ಪ ಪಾಸ್‌ಬುಕ್ಕು ಅದರ ಒಳಗೆ ಹೋಗುವಂತೆಯೂ ಇಲ್ಲ. ಆದ್ದರಿಂದ ಇವೆರಡಕ್ಕೆ ಡಾಟ್ ಮ್ಯಾಟ್ರಿಕ್ಸ್ ಉಳಿಯಲೇಬೇಕು. ದಿನವಹಿ ಮತ್ತು ಪಟ್ಟಿಗಳಿಗೆ ಅಂಥ ನಿರ್ಬಂಧವಿಲ್ಲ. ಲೆಕ್ಕಪರಿಶೋಧಕರಿಗೆ ಬೇಕಾದದ್ದು ಓದಬಹುದಾದ, ಪುಟಸಂಖ್ಯೆ ಇರುವ, ಕಡತಕ್ಕೆ ಹಾಕಬಹುದಾದ ಹಾಳೆ. ಅದು ಎ4 ಆದರೂ ನಡೆಯುತ್ತದೆ. ಹಳೆಯ ಪ್ರಿಂಟರನ್ನು ಬಿಸಾಡುವ ಮಾತು ಅಲ್ಲಿಗೆ ನಿಂತಿತು.

ಒಂದೇ ದೂರಿನ ಹಿಂದಿನ ಬೇರೆ ಬೇರೆ ಕಾರಣಗಳು

'ಪ್ರಿಂಟ್ ಆಗುತ್ತಿಲ್ಲ' ಎಂಬ ಒಂದೇ ದೂರಿನ ಹಿಂದೆ ಇಲ್ಲಿ ಮೂರು ಸಂಗತಿಗಳು ಸೇರಿಕೊಂಡಿದ್ದವು. ಅವನ್ನು ಬಿಡಿಸಿ ನೋಡದಿದ್ದರೆ ಒಂದನ್ನು ಸರಿಪಡಿಸಿದಾಗ ಇನ್ನೊಂದು ಅದೇ ರೂಪದಲ್ಲಿ ಕಾಣಿಸಿಕೊಂಡು, ಏನೂ ಬದಲಾಗಲಿಲ್ಲವೆಂಬ ಭಾವನೆ ಬರುತ್ತದೆ.

ಮೊದಲನೆಯದು ತಂತ್ರಾಂಶ ತೆರೆಯದಿದ್ದದ್ದು. 32 ಬಿಟ್ಟಿನ ವಿಂಡೋಸಿನಲ್ಲಿ 16 ಬಿಟ್ಟಿನ ಡಾಸ್ ಪ್ರೋಗ್ರಾಮುಗಳನ್ನು ನಡೆಸಲು ಎನ್‌ಟಿವಿಡಿಎಂ ಎಂಬ ಭಾಗವಿತ್ತು. ಅದು ಪ್ರೊಸೆಸರ್ ಹಳೆಯ 16 ಬಿಟ್ಟಿನ ಪ್ರೊಸೆಸರಿನಂತೆ ನಡೆದುಕೊಳ್ಳುವ ವರ್ಚುವಲ್ 8086 ಸ್ಥಿತಿಯನ್ನು ಅವಲಂಬಿಸಿದ್ದು, ಪ್ರೊಸೆಸರ್ 64 ಬಿಟ್ಟಿನಲ್ಲಿ ನಡೆಯುವಾಗ ಆ ಸ್ಥಿತಿ ಲಭ್ಯವಿರುವುದಿಲ್ಲವಾದ್ದರಿಂದ 64 ಬಿಟ್ಟಿನ ವಿಂಡೋಸಿನಲ್ಲಿ ಅದನ್ನು ಸೇರಿಸಲಿಲ್ಲ. ವಿಂಡೋಸ್ 11ರಲ್ಲಿ 32 ಬಿಟ್ಟಿನ ಆವೃತ್ತಿಯೇ ಇಲ್ಲ. 32 ಬಿಟ್ಟಿನ ವಿಂಡೋಸ್ 10 ಹಾಕಬಹುದಲ್ಲ ಎಂದು ಕೆಲವರು ಸೂಚಿಸಿದರು. ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿರುವುದರಿಂದ, ಜನರ ಠೇವಣಿಯ ಲೆಕ್ಕವಿರುವ ಯಂತ್ರಕ್ಕೆ ಅದನ್ನು ನಾನು ಹಾಕಲಾರೆ.

ಎರಡನೆಯದು ದಾರಿಯ ಸಮಸ್ಯೆ. ಡಾಸ್ ಕಾಲದಲ್ಲಿ ಪ್ರಿಂಟರ್ ಡ್ರೈವರನ್ನು, ಅಂದರೆ ಪ್ರಿಂಟರಿಗೆ ತಿಳಿಯುವಂತೆ ಮುದ್ರಣವನ್ನು ಸಿದ್ಧಪಡಿಸುವ ತಂತ್ರಾಂಶವನ್ನು, ಎಲ್ಲ ಪ್ರೋಗ್ರಾಮುಗಳೂ ಹಂಚಿಕೊಳ್ಳುವ ಏರ್ಪಾಡು ಇರಲಿಲ್ಲ. ಪ್ರೋಗ್ರಾಂ ತಾನೇ ಎಲ್‌ಪಿಟಿ1 ಎಂಬ ಪೋರ್ಟಿಗೆ ಬೈಟುಗಳನ್ನು, ಅಂದರೆ ಅಕ್ಷರವನ್ನೋ ಆಜ್ಞೆಯನ್ನೋ ಸೂಚಿಸುವ 0ರಿಂದ 255ರವರೆಗಿನ ಸಂಖ್ಯೆಗಳನ್ನು, ತಳ್ಳುತ್ತಿತ್ತು. ಹೊಸ ಕಂಪ್ಯೂಟರಿನಲ್ಲಿ ಆ 25 ಪಿನ್ನಿನ ಕಿಂಡಿಯೇ ಇಲ್ಲ. ಅಂಗಡಿಯವರು ಹಾಕಿದ್ದ ಡಾಸ್‌ಬಾಕ್ಸ್ ಮೂಲತಃ ಹಳೆಯ ಆಟಗಳಿಗಾಗಿ ಮಾಡಿದ್ದು, ಅದರ ಅಧಿಕೃತ ಆವೃತ್ತಿಯಲ್ಲಿ ಪ್ರಿಂಟರ್ ಪೋರ್ಟಿನ ಅನುಕರಣೆ ಇಲ್ಲ. ಗ್ರಾಂಟ್ ರೋಡಿನ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಸುಲಭವಾಗಿ ಸಿಗುವ ಯುಎಸ್‌ಬಿ–ಪ್ಯಾರಲಲ್ ಕೇಬಲನ್ನು ಕಾರ್ಯದರ್ಶಿಗಳು ಆಗಲೇ ತರಿಸಿದ್ದರು. ಅದನ್ನು ಚುಚ್ಚಿದರೆ ವಿಂಡೋಸಿಗೆ ಯುಎಸ್‌ಬಿ ಪ್ರಿಂಟರ್ ಕಾಣಿಸುತ್ತದೆಯೇ ಹೊರತು ಎಲ್‌ಪಿಟಿ1 ಹುಟ್ಟಿಕೊಳ್ಳುವುದಿಲ್ಲ. ಕೇಬಲಿಗಾಗಿ ಕೊಟ್ಟ ಹಣ ವ್ಯರ್ಥವಾಯಿತೆಂದು ಅವರು ನೊಂದುಕೊಂಡಿದ್ದರು. ಮುಂದೆ ಅದೇ ಕೇಬಲು ಕೆಲಸಕ್ಕೆ ಬಂತು.

ಮೂರನೆಯದು ಭಾಷೆಯ ಸಮಸ್ಯೆ. ಹಳೆಯ ತಂತ್ರಾಂಶ ಕಳುಹಿಸುವುದು ಬರಿಯ ಅಕ್ಷರಗಳನ್ನು ಮತ್ತು ಅವುಗಳ ನಡುವೆ ಎಪ್ಸನ್ ಕಂಪನಿ ರೂಪಿಸಿದ ಇಎಸ್‌ಸಿ/ಪಿ ಎಂಬ ಆಜ್ಞೆಗಳನ್ನು. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರುಗಳಿಗೆ ಅದು ತಾಯಿನುಡಿ. ಸಂಘಕ್ಕೆ ಬಂದಿದ್ದ ಕಡಿಮೆ ಬೆಲೆಯ ಲೇಸರ್ ಪ್ರಿಂಟರಿಗೆ ಅಕ್ಷರವೆಂದರೆ ಏನೆಂದೇ ಗೊತ್ತಿಲ್ಲ. ಪುಟವನ್ನು ಚಿತ್ರವಾಗಿ ಕಟ್ಟುವ ಕೆಲಸವನ್ನೆಲ್ಲ ವಿಂಡೋಸಿನ ಡ್ರೈವರ್ ಮಾಡುತ್ತದೆ. ಪ್ರಿಂಟರ್ ಆ ಚಿತ್ರವನ್ನು ಕಾಗದಕ್ಕೆ ಇಳಿಸುತ್ತದೆ ಅಷ್ಟೆ. ಅದಕ್ಕೆ ಬರಿಯ ಪಠ್ಯದ ಬೈಟುಗಳನ್ನು ಕಳುಹಿಸಿದರೆ ದೀಪ ಮಿಣುಕಿ ಸುಮ್ಮನಾಗುತ್ತದೆ. ಹಳೆಯ ತಂತ್ರಾಂಶದ ಜೊತೆ ಬಳಸಲು ಲೇಸರ್ ಪ್ರಿಂಟರ್ ಕೊಳ್ಳುವವರು ಅದಕ್ಕೆ ಪಿಸಿಎಲ್ ಎಂಬ ಪ್ರಿಂಟರ್ ಭಾಷೆ ಬರುತ್ತದೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಪಿಸಿಎಲ್ ಬಲ್ಲ ಪ್ರಿಂಟರುಗಳು ಬರಿಯ ಪಠ್ಯವನ್ನೂ ಸ್ವೀಕರಿಸುತ್ತವೆ.

ಬೈಟುಗಳನ್ನು ಹಿಡಿದು ನೋಡಿದಾಗ

ಮೂಲ ಪ್ರೋಗ್ರಾಂ ಕೈಯಲ್ಲಿಲ್ಲದಿರುವಾಗ ಅದು ಏನು ಕಳುಹಿಸುತ್ತಿದೆ ಎಂದು ಊಹಿಸುವುದರಲ್ಲಿ ಅರ್ಥವಿಲ್ಲ, ಹಿಡಿದು ನೋಡಬೇಕು. ಡಾಸ್‌ಬಾಕ್ಸಿನಿಂದ ಕವಲೊಡೆದು ಬೆಳೆದ ಡಾಸ್‌ಬಾಕ್ಸ್–ಎಕ್ಸ್ ಎಂಬ ಇನ್ನೊಂದು ಮುಕ್ತ ತಂತ್ರಾಂಶದಲ್ಲಿ ಪ್ಯಾರಲಲ್ ಪೋರ್ಟಿನ ಅನುಕರಣೆಯಿದ್ದು, ಎಲ್‌ಪಿಟಿ1ಕ್ಕೆ ಬಂದ ಬೈಟುಗಳನ್ನು ಹಾಗೆಯೇ ಒಂದು ಕಡತಕ್ಕೆ ಬರೆಸಬಹುದು. ದತ್ತಾಂಶದ ನಕಲಿನ ಮೇಲೆ, ಮೂಲವನ್ನು ಮುಟ್ಟದೆ, ಪಾಸ್‌ಬುಕ್ಕು, ರಸೀದಿ, ದಿನವಹಿ ಇವುಗಳಲ್ಲಿ ಒಂದೊಂದನ್ನು ಹೀಗೆ ಹಿಡಿದು, ಪ್ರತಿ ಬೈಟಿನ ಸಂಖ್ಯೆಯನ್ನು ತೋರಿಸುವ ಸಾಧನದಲ್ಲಿ ತೆರೆದೆ.

ದಿನವಹಿಯ ಕಡತದ ಆರಂಭ ಹೀಗಿತ್ತು: 27, 64, ಆಮೇಲೆ 27, 67, 72, ಆಮೇಲೆ 15. ಮೊದಲ ಜೋಡಿ ಪ್ರಿಂಟರನ್ನು ಮೂಲಸ್ಥಿತಿಗೆ ತರುತ್ತದೆ. ಎರಡನೆಯ ಗುಂಪು ಒಂದು ಪುಟಕ್ಕೆ 72 ಸಾಲು ಎಂದು ಹೇಳುತ್ತದೆ. 12 ಅಂಗುಲದ ಉದ್ದ ಕಾಗದದಲ್ಲಿ ಅಂಗುಲಕ್ಕೆ 6 ಸಾಲಿನಂತೆ ಅದು ಸರಿಯಾಗಿ ಹೊಂದುತ್ತದೆ. 15 ಎಂಬುದು ಅಕ್ಷರಗಳನ್ನು ಕಿರಿದಾಗಿಸುವ ಆಜ್ಞೆ. ಅಂಗುಲಕ್ಕೆ 10 ಅಕ್ಷರ ಬೀಳುವಲ್ಲಿ ಸುಮಾರು 17 ಬೀಳುವುದರಿಂದಲೇ 80 ಕಾಲಮಿನ ಪ್ರಿಂಟರಿನಲ್ಲಿ 132 ಕಾಲಮಿನ ದಿನವಹಿ ಹಿಡಿಸುತ್ತಿತ್ತು. ಮೊತ್ತದ ಸಾಲಿನ ಆಚೀಚೆ 27, 69 ಮತ್ತು 27, 70 ಇದ್ದವು. ಅವು ದಪ್ಪಕ್ಷರದ ಆರಂಭ ಮತ್ತು ಅಂತ್ಯ. ಪ್ರತಿ ಪುಟದ ಕೊನೆಗೆ ಹಾಳೆಯನ್ನು ಹೊರದೂಡುವ 12. ಪಾಸ್‌ಬುಕ್ಕಿನ ಕಡತದಲ್ಲಿ 15 ಇರಲಿಲ್ಲ, 12ಕೂಡ ಇರಲಿಲ್ಲ. ಹಿಂದಿನ ಸಲ ಎಷ್ಟನೆಯ ಸಾಲಿಗೆ ನಿಂತಿತ್ತೋ ಅಷ್ಟು ಖಾಲಿ ಸಾಲುಗಳು, ಅವುಗಳ ನಂತರ ಹೊಸ ನಮೂದುಗಳು.

ಕೋಷ್ಟಕದ ಗೆರೆಗಳು 196 ಮತ್ತು 179 ಎಂಬ ಬೈಟುಗಳಾಗಿದ್ದವು. ಡಾಸಿನ 437ನೆಯ ಕೋಡ್‌ಪೇಜಿನಲ್ಲಿ, ಅಂದರೆ ಯಾವ ಸಂಖ್ಯೆಗೆ ಯಾವ ಅಕ್ಷರ ಎಂದು ಹೇಳುವ ಪಟ್ಟಿಯಲ್ಲಿ, ಅವು ಅಡ್ಡಗೆರೆ ಮತ್ತು ಉದ್ದಗೆರೆ. ವಿಂಡೋಸಿನ ಸಾಮಾನ್ಯ ಅಕ್ಷರಪಟ್ಟಿಯಲ್ಲಿ ಮಾತ್ರ 196 ಎಂದರೆ ಮೇಲೆ ಎರಡು ಚುಕ್ಕೆ ಇರುವ ಯುರೋಪಿನ ಅಕ್ಷರ, 179 ಎಂದರೆ ಘಾತದ ಮೂರು. ಅಂಗಡಿಯ ಹುಡುಗ ಆ ಮೊದಲು ನೋಟ್‌ಪ್ಯಾಡಿನಿಂದ ತೆಗೆದ ಪ್ರಿಂಟಿನಲ್ಲಿ ಪುಟದುದ್ದಕ್ಕೂ ಚುಕ್ಕೆಯ ಅಕ್ಷರಗಳ ಸಾಲುಗಳೇ ತುಂಬಿದ್ದಕ್ಕೆ ಇದೇ ಕಾರಣ. ದತ್ತಾಂಶ ಕೆಟ್ಟಿದೆಯೆಂದು ಸಂಘದವರು ಗಾಬರಿಯಾಗಿದ್ದರು. ಅದಕ್ಕೆ ಏನೂ ಆಗಿರಲಿಲ್ಲ. ರೂಪಾಯಿಯ ಚಿಹ್ನೆಯ ತೊಡಕೂ ಇರಲಿಲ್ಲ, ಏಕೆಂದರೆ ಆ ಚಿಹ್ನೆ ಬಂದದ್ದು 2010ರಲ್ಲಿ. ಈ ತಂತ್ರಾಂಶ ಹಳೆಯ ಇಂಗ್ಲಿಷ್ ಸಂಕ್ಷೇಪವನ್ನೇ ಬಳಸುತ್ತದೆ.

ಒಂದು ಪೋರ್ಟು, ಎರಡು ಪ್ರಿಂಟರು

ತಂತ್ರಾಂಶಕ್ಕೆ ಗೊತ್ತಿರುವುದು ಎಲ್‌ಪಿಟಿ1 ಒಂದೇ. ಆದರೆ ಕಡತದ ಆರಂಭವೇ ಅದು ಯಾವ ಬಗೆಯ ಮುದ್ರಣವೆಂದು ಹೇಳಿಬಿಡುತ್ತದೆ. ಆದ್ದರಿಂದ ಡಾಸ್‌ಬಾಕ್ಸ್–ಎಕ್ಸ್ ಬರೆದ ಕಡತಗಳು ಬಂದು ಬೀಳುವ ಫೋಲ್ಡರನ್ನು ಸದಾ ಗಮನಿಸುವ ಒಂದು ಸ್ಕ್ರಿಪ್ಟ್, ಅಂದರೆ ಸಣ್ಣ ಪ್ರೋಗ್ರಾಂ, ಬರೆದೆ. ಕಡತದ ಮೊದಲ ಬೈಟುಗಳಲ್ಲಿ 72 ಸಾಲಿನ ಆಜ್ಞೆಯೂ 15ಕೂಡ ಇದ್ದರೆ ಅದು ಲೇಸರಿಗೆ, ಇಲ್ಲದಿದ್ದರೆ ಡಾಟ್ ಮ್ಯಾಟ್ರಿಕ್ಸಿಗೆ ಹೋಗುತ್ತದೆ.

ಡಾಟ್ ಮ್ಯಾಟ್ರಿಕ್ಸಿನ ಕೆಲಸ ಸುಲಭ. ಲ್ಯಾಮಿಂಗ್ಟನ್ ರಸ್ತೆಯ ಆ ಯುಎಸ್‌ಬಿ ಕೇಬಲಿನಿಂದ ಹಳೆಯ ಪ್ರಿಂಟರನ್ನು ಜೋಡಿಸಿ, ವಿಂಡೋಸಿನ 'ಜೆನೆರಿಕ್ ಟೆಕ್ಸ್ಟ್ ಓನ್ಲಿ' ಡ್ರೈವರನ್ನು ಹಾಕಿ, ಪ್ರಿಂಟರಿಗೆ ಒಂದು ಹೆಸರು ಕೊಟ್ಟು ಶೇರ್ ಮಾಡಲಾಯಿತು. ಸ್ಕ್ರಿಪ್ಟ್ ಆ ಕಡತವನ್ನು ಒಂದು ಬೈಟೂ ಬದಲಿಸದೆ ಶೇರ್ ಮಾಡಿದ ಹೆಸರಿಗೆ ನಕಲು ಮಾಡುತ್ತದೆ. ಈ ನಕಲು ಬೈನರಿ ರೀತಿಯಲ್ಲೇ ಆಗಬೇಕು. ಪಠ್ಯವೆಂದು ಭಾವಿಸಿ ನಕಲು ಮಾಡಿದರೆ 26 ಎಂಬ ಬೈಟು ಸಿಕ್ಕಲ್ಲಿ ಕಡತ ಮುಗಿಯಿತೆಂದು ತಿಳಿದು ನಡುವೆಯೇ ನಿಲ್ಲುವ ಅಪಾಯವಿದೆ.

ಲೇಸರಿನ ಕೆಲಸದಲ್ಲಿ ಲೆಕ್ಕಾಚಾರ ಬೇಕಾಯಿತು. ಎ4 ಹಾಳೆಯ ಎತ್ತರ 297 ಮಿಲಿಮೀಟರ್, ಅಂದರೆ 11.69 ಅಂಗುಲ. 12 ಅಂಗುಲದ ಪುಟವನ್ನು ಇದ್ದಂತೆಯೇ ಇಳಿಸಿದರೆ ಕೊನೆಯ ಕೆಲವು ಸಾಲುಗಳು ಮುಂದಿನ ಹಾಳೆಗೆ ಜಾರುತ್ತವೆ, ಮತ್ತು ದಿನವಹಿಯಲ್ಲಿ ಕೊನೆಯ ಸಾಲುಗಳೆಂದರೆ ಮೊತ್ತದ ಸಾಲುಗಳೇ. ಮೊತ್ತವಿಲ್ಲದ ಪುಟ, ಅದರ ಹಿಂದೆ ಬರಿಯ ಮೊತ್ತ ಮಾತ್ರ ಇರುವ ಇನ್ನೊಂದು ಪುಟ ಬಂದರೆ ಲೆಕ್ಕಪರಿಶೋಧಕರು ಒಪ್ಪುವುದಿಲ್ಲ, ಒಪ್ಪಲೂ ಬಾರದು. ಹಾಗಾಗಿ ಸ್ಕ್ರಿಪ್ಟ್ ಕಡತವನ್ನು 437ನೆಯ ಕೋಡ್‌ಪೇಜಿನಿಂದ ಇಂದಿನ ಅಕ್ಷರಪಟ್ಟಿಯಾದ ಯೂನಿಕೋಡಿಗೆ ಬದಲಾಯಿಸಿ, ದಪ್ಪಕ್ಷರದ ಆಜ್ಞೆಗಳನ್ನು ಪಾಲಿಸಿ, ಉಳಿದ ಆಜ್ಞೆಗಳನ್ನು ಕಳೆದು, ಪಿಡಿಎಫ್ ಕಟ್ಟುವಂತೆ ಮಾಡಿದೆ. ಅಂಗುಲಕ್ಕೆ 17 ಅಕ್ಷರವೆಂದರೆ ಒಂದು ಅಕ್ಷರಕ್ಕೆ ಸುಮಾರು 4.2 ಪಾಯಿಂಟ್ ಅಗಲ (72 ಪಾಯಿಂಟಿಗೆ ಒಂದು ಅಂಗುಲ). ಸಮಾನ ಅಗಲದ ಅಕ್ಷರಗಳ ಫಾಂಟುಗಳಲ್ಲಿ ಅಗಲವು ಸಾಮಾನ್ಯವಾಗಿ ಗಾತ್ರದ 0.6 ಪಾಲು ಇರುವುದರಿಂದ 7 ಪಾಯಿಂಟಿನ ಗಾತ್ರ ಸರಿಹೊಂದಿತು. 132 ಅಕ್ಷರಗಳು 7.7 ಅಂಗುಲವನ್ನು ತೆಗೆದುಕೊಂಡು, 8.27 ಅಂಗುಲ ಅಗಲದ ಎ4ರಲ್ಲಿ ಎರಡೂ ಬದಿಗೆ ಕಾಲು ಅಂಗುಲಕ್ಕಿಂತ ತುಸು ಹೆಚ್ಚು ಜಾಗ ಉಳಿಯಿತು. ಸಾಲಿನಿಂದ ಸಾಲಿಗೆ 12 ಪಾಯಿಂಟ್ ಇದ್ದುದನ್ನು 11.2ಕ್ಕೆ ಇಳಿಸಿದಾಗ 72 ಸಾಲುಗಳೂ ಮೇಲೆ ಕೆಳಗೆ ಅಂಚು ಬಿಟ್ಟು ಒಂದೇ ಹಾಳೆಯಲ್ಲಿ ಕುಳಿತವು. ಗೆರೆ ಎಳೆಯುವ ಚಿಹ್ನೆಗಳೂ ಇರುವ ಡೇಜಾವು ಸಾನ್ಸ್ ಮೋನೋ ಫಾಂಟನ್ನು ಬಳಸಿದೆ. ಅಕ್ಷರ ಚಿಕ್ಕದಾಗಿ ಸಾಲಿನ ಅಂತರ ಹೆಚ್ಚಿರುವ ಕಾರಣ ಉದ್ದಗೆರೆಗಳು ನಡುನಡುವೆ ಕಡಿದಂತೆ ಕಾಣುತ್ತವೆ. ಅದನ್ನು ಸರಿಪಡಿಸಲು ಹೋಗಲಿಲ್ಲ, ಅಂಕಿಗಳು ಸ್ಪಷ್ಟವಾಗಿವೆ.

ಪರೀಕ್ಷೆಯಲ್ಲಿ ಹೊರಬಿದ್ದ ಎರಡು ಸಂಗತಿಗಳು

ಡಾಸ್ ಪ್ರೋಗ್ರಾಂ 'ಮುದ್ರಣ ಮುಗಿಯಿತು' ಎಂದು ಎಲ್ಲಿಯೂ ಹೇಳುವುದಿಲ್ಲ. ಬೈಟುಗಳು ಬರುವುದು ನಿಂತು ಇಂತಿಷ್ಟು ಹೊತ್ತಾದರೆ ಮುಗಿಯಿತೆಂದು ಅನುಕರಣೆಯೇ ತೀರ್ಮಾನಿಸಿ ಕಡತವನ್ನು ಮುಚ್ಚಬೇಕು. ಈ ಅವಧಿ ಆರಂಭದಲ್ಲಿ ಒಂದು ಸೆಕೆಂಡಿಗೂ ಕಡಿಮೆ ಇತ್ತು. ಪಾಸ್‌ಬುಕ್ಕಿಗೆ ಅದು ಸಾಕಾಗಿತ್ತು. ಆದರೆ ಪಿಗ್ಮಿ ಪಟ್ಟಿ ತೆಗೆಯುವಾಗ ತಂತ್ರಾಂಶ ಒಬ್ಬ ಏಜೆಂಟನ ಖಾತೆಗಳನ್ನು ಮುಗಿಸಿ ಮುಂದಿನವನ ಮೊತ್ತವನ್ನು ಕೂಡಿಸಲು ನಡುವೆ ನಿಲ್ಲುತ್ತದೆ. ಆ ಬಿಡುವಿನಲ್ಲಿ ಕಡತ ಮುಚ್ಚಿಹೋಗಿ, ಉಳಿದ ಭಾಗ ಹೊಸ ಕಡತವಾಯಿತು. ಆ ಹೊಸ ಕಡತದ ಆರಂಭದಲ್ಲಿ 15 ಇಲ್ಲವಾದ್ದರಿಂದ ಸ್ಕ್ರಿಪ್ಟ್ ಅದನ್ನು ಡಾಟ್ ಮ್ಯಾಟ್ರಿಕ್ಸಿಗೆ ಕಳುಹಿಸಿತು, ಅಲ್ಲಿ ಅಗಲವಾದ ಅಕ್ಷರಗಳಲ್ಲಿ ಸಾಲುಗಳು ಮುರಿದು ರಸೀದಿಯ ಹಾಳೆಯ ಮೇಲೆ ಬಿದ್ದವು. ಅವಧಿಯನ್ನು ಹೆಚ್ಚಿಸಿದರೆ ಪಟ್ಟಿ ಸರಿಯಾಗುತ್ತದೆ, ಆದರೆ ಕೌಂಟರಿನಲ್ಲಿ ಪ್ರತಿ ಪಾಸ್‌ಬುಕ್ಕಿಗೂ ಅಷ್ಟು ಹೊತ್ತು ಕಾಯಬೇಕಾಗುತ್ತದೆ. ಗುಮಾಸ್ತೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೇರೆ ಬೇರೆ ಅವಧಿಗಳನ್ನು ನೋಡಿ 3 ಸೆಕೆಂಡಿಗೆ ನಿಲ್ಲಿಸಿದೆವು. ಪಟ್ಟಿ ಎಲ್ಲಿಯೂ ತುಂಡಾಗಲಿಲ್ಲ, ಪಾಸ್‌ಬುಕ್ಕನ್ನು ಪ್ರಿಂಟರಿಗೆ ಸರಿಯಾಗಿ ಕೂರಿಸುವಷ್ಟರಲ್ಲಿ ಆ 3 ಸೆಕೆಂಡೂ ಕಳೆದುಹೋಗುತ್ತದೆ ಎಂದು ಅವರೇ ಹೇಳಿದರು.

ಎರಡನೆಯದು ಇದಕ್ಕಿಂತ ಗಂಭೀರ. ಮೊದಲೆಲ್ಲ ಕಾಗದ ಮುಗಿದರೆ ಪ್ರಿಂಟರ್ ಅದನ್ನು ಕೇಬಲಿನ ಮೂಲಕ ತಿಳಿಸುತ್ತಿತ್ತು, ತಂತ್ರಾಂಶ ಅಲ್ಲಿಯೇ ನಿಲ್ಲುತ್ತಿತ್ತು. ಈಗ ಅದು ಮಾತಾಡುತ್ತಿರುವುದು ಒಂದು ಕಡತದೊಂದಿಗೆ. ಕಡತ ಯಾವಾಗಲೂ ಸಿದ್ಧವಾಗಿಯೇ ಇರುತ್ತದೆ. ಪ್ರಿಂಟರ್ ಆಫ್ ಆಗಿದ್ದರೂ ತಂತ್ರಾಂಶ ಆ ನಮೂದುಗಳು ಅಚ್ಚಾದವೆಂದು ಗುರುತು ಹಾಕಿಕೊಂಡು, ಪಾಸ್‌ಬುಕ್ಕಿನ ಸಾಲಿನ ಲೆಕ್ಕವನ್ನು ಮುಂದಕ್ಕೆ ಸರಿಸಿಬಿಡುತ್ತದೆ. ಮುಂದಿನ ಸಲ ಅದೇ ಸದಸ್ಯರು ಬಂದರೆ ನಡುವೆ ಖಾಲಿ ಸಾಲುಗಳು ಉಳಿದು, ಒಂದೆರಡು ಜಮೆಗಳು ಪುಸ್ತಕದಲ್ಲಿ ಕಾಣಿಸುವುದೇ ಇಲ್ಲ. ಪತ್ತಿನ ಸಂಘದಲ್ಲಿ ಇದನ್ನು ಸಣ್ಣ ದೋಷವೆಂದು ಬಿಡಲಾಗದು. ಅದಕ್ಕಾಗಿ ಸ್ಕ್ರಿಪ್ಟ್ ಪ್ರತಿಯೊಂದು ಕಡತವನ್ನೂ ದಿನಾಂಕ ಮತ್ತು ವೇಳೆಯ ಹೆಸರಿನಲ್ಲಿ ಕಾಪಾಡಿಕೊಳ್ಳುವಂತೆ ಮಾಡಿ, ಡೆಸ್ಕ್‌ಟಾಪಿನಲ್ಲಿ 'ಕೊನೆಯ ಪ್ರಿಂಟ್ ಮತ್ತೊಮ್ಮೆ' ಎಂಬ ಗುಂಡಿಯೊಂದನ್ನು ಇಟ್ಟೆ. ಕಾಗದ ಸಿಕ್ಕಿಹಾಕಿಕೊಂಡರೂ ಪ್ರಿಂಟರ್ ಆರಿಹೋಗಿದ್ದರೂ ತಂತ್ರಾಂಶದ ಒಳಗೆ ಏನನ್ನೂ ಮಾಡದೆ ಆ ಗುಂಡಿಯನ್ನೇ ಒತ್ತಬೇಕೆಂದು ಕೌಂಟರಿನಲ್ಲಿ ಬರೆದು ಅಂಟಿಸಲಾಗಿದೆ. ಪಾಸ್‌ಬುಕ್ಕನ್ನು ಸದಸ್ಯರ ಕೈಗೆ ಕೊಡುವ ಮೊದಲು ಅಚ್ಚಾದ ಶಿಲ್ಕನ್ನು ಪರದೆಯ ಶಿಲ್ಕಿನೊಂದಿಗೆ ಹೋಲಿಸಿ ನೋಡುವ ರೂಢಿ ಅವರಲ್ಲಿ ಮೊದಲಿನಿಂದಲೂ ಇತ್ತು, ಅದು ಈಗ ಕಡ್ಡಾಯವಾಯಿತು.

ನಿರೀಕ್ಷಿಸದ ಒಂದು ಅನುಕೂಲವೂ ಆಯಿತು. ದಿನವಹಿ ಲೇಸರಿಗೆ ಹೋದ್ದರಿಂದ ಡಾಟ್ ಮ್ಯಾಟ್ರಿಕ್ಸಿನಲ್ಲಿ ಉದ್ದ ಕಾಗದವನ್ನು ಏರಿಸಿ ಇಳಿಸುವ, ಉದ್ದ ಕಾಗದಕ್ಕೂ ಬಿಡಿ ಹಾಳೆಗೂ ಬದಲಿಸುವ ಸನ್ನೆಕೋಲನ್ನು ಆಚೀಚೆ ತಿರುಗಿಸುವ ಕೆಲಸ ತಪ್ಪಿತು. ಮಳೆಗಾಲದಲ್ಲಿ ತೇವ ಹಿಡಿದ ಉದ್ದ ಕಾಗದ ರಂಧ್ರ ಹರಿದು ಓರೆಯಾಗಿ ಸಿಕ್ಕಿಕೊಳ್ಳುತ್ತಿದ್ದುದು ಅವರಿಗೆ ಪ್ರತಿವರ್ಷದ ತಲೆನೋವಾಗಿತ್ತಂತೆ.

ಈಗಿನ ಸ್ಥಿತಿ

ವರ್ಷಾಂತ್ಯದ ಖಾತೆಪುಸ್ತಕ ಮಾರ್ಚ್ 31ರ ಲೆಕ್ಕ ಮುಗಿದ ಮೇಲೆ ಎ4ರಲ್ಲಿ ಅಚ್ಚಾಯಿತು, ಪಿಡಿಎಫ್ ಪ್ರತಿಯೂ ಉಳಿಯಿತು. ಈ ಏರ್ಪಾಡು ಶಾಶ್ವತವೆಂದು ನಾನು ಸಂಘಕ್ಕೆ ಹೇಳಿಲ್ಲ. ಅನುಕರಣೆಯ ಕಿಟಕಿಯನ್ನು ತಂತ್ರಾಂಶದಿಂದ ಹೊರಬರದೆ ಹಾಗೆಯೇ ಮುಚ್ಚಿದರೆ ಡಿಸ್ಕಿಗೆ ಇನ್ನೂ ಬರೆಯದ ನಮೂದುಗಳು ಕಳೆದುಹೋಗಿ ಡಿಬಿಎಫ್ ಕಡತದ ಸೂಚಿ ಕೆಡಬಹುದು. ಅದಕ್ಕಾಗಿ ದಿನದ ಕೊನೆಗೆ ದತ್ತಾಂಶದ ಫೋಲ್ಡರನ್ನು ಎರಡು ಪೆನ್‌ಡ್ರೈವುಗಳಿಗೆ ಸರದಿಯ ಮೇಲೆ ನಕಲು ಮಾಡಿ, ಒಂದನ್ನು ಕಚೇರಿಯ ಹೊರಗೆ ಇಡಲಾಗುತ್ತಿದೆ. ಇದು ಒಂದೇ ಕಂಪ್ಯೂಟರಿನಲ್ಲಿ ನಡೆಯುವ ಸಂಘಕ್ಕೆ ಹೊಂದುವ ಪರಿಹಾರ. ಎರಡು ಕೌಂಟರುಗಳಿಂದ ಒಂದೇ ಡಿಬಿಎಫ್‌ಗೆ ಏಕಕಾಲದಲ್ಲಿ ಬರೆಯುವ ಕಡೆ ಒಬ್ಬರು ಬರೆಯುವಾಗ ಇನ್ನೊಬ್ಬರನ್ನು ತಡೆಯುವ ಕಡತಗಳ ಬೀಗದ ವ್ಯವಸ್ಥೆಯನ್ನು ಪ್ರತ್ಯೇಕವಾಗಿ ಪರೀಕ್ಷಿಸದೆ ಇದನ್ನು ಅಳವಡಿಸಬಾರದು.

ಹೊಸ ತಂತ್ರಾಂಶವನ್ನು ಆರಿಸಲು ಆಡಳಿತ ಮಂಡಳಿಗೆ ಈಗ ಬಿಡುವು ಸಿಕ್ಕಿದೆ. ಡಿಬಿಎಫ್ ಕಡತಗಳ ರಚನೆ ಎಲ್ಲರಿಗೂ ತಿಳಿದಿರುವಂಥದ್ದಾದ್ದರಿಂದ ದತ್ತಾಂಶವನ್ನು ಹೊರತೆಗೆಯುವುದು ಕಷ್ಟವಲ್ಲ. ಸ್ಕ್ರಿಪ್ಟು, ಡಾಸ್‌ಬಾಕ್ಸ್–ಎಕ್ಸಿನ ಸೆಟ್ಟಿಂಗ್ ಕಡತ ಮತ್ತು ಮೇಲೆ ಹೇಳಿದ ಬೈಟುಗಳ ಅರ್ಥವನ್ನು ಬರೆದ ಒಂದು ಹಾಳೆ ಸಂಘದ ಕಪಾಟಿನಲ್ಲಿವೆ. ಮುಂದೆ ಪ್ರಿಂಟರ್ ಬದಲಾದರೆ ಸ್ಕ್ರಿಪ್ಟಿನ ಆರಂಭದಲ್ಲಿರುವ ಎರಡು ಪ್ರಿಂಟರುಗಳ ಹೆಸರನ್ನು ಬದಲಿಸಿದರೆ ಸಾಕು, ಕೌಂಟರಿನವರು ಅದನ್ನು ಒಮ್ಮೆ ತಾವೇ ಮಾಡಿ ನೋಡಿದ್ದಾರೆ.